ಗೊತ್ತಿಲ್ಲ ಅನ್ನೋ ಉಸ್ತಾದರು

ಪ್ರಶ್ನೆ: ನಮ್ಮ ಮಸೀದಿಗೆ ಹೊಸದಾಗಿ ಬಂದ ಉಸ್ತಾದರು (ಧರ್ಮಗುರುಗಳು) ಏನು ಕೇಳಿದ್ರೂ "ಕಿತಾಬ್ ನೋಡಿ ಹೇಳ್ತೇನೆ" ಅಂತಾರೆ, ಮದುವೆಗೆ ಕರೆದ್ರೆ ಉಂಡು ಬೇಗ ಹೊರಟುಬಿಡ್ತಾರೆ. ಆಲಿಮರು, ಅಂದ್ರೆ ಧರ್ಮ ಕಲಿತ ವಿದ್ವಾಂಸರು, ಹೀಗಿರೋದಾ?
– ಓದುಗರು, ಉಳ್ಳಾಲ

ಉತ್ತರ: ಹೀಗೇ ಇರಬೇಕು ಮಾರಾಯ್ರೆ! ಮದೀನದ ಇಮಾಮ್ ಮಾಲಿಕ್ (ನಿಧನ ಕ್ರಿ.ಶ. 795) ಅಷ್ಟು ದೊಡ್ಡ ವಿದ್ವಾಂಸರು, ಆದ್ರೂ ದೂರದಿಂದ ಬಂದವರ ಎಷ್ಟೋ ಪ್ರಶ್ನೆಗೆ ಗೊತ್ತಿಲ್ಲ ಅಂತ ನೇರ ಹೇಳ್ತಿದ್ರು, ಇನ್ನೊಬ್ಬ ದೊಡ್ಡ ವಿದ್ವಾಂಸರು ಇಮಾಮ್ ಅಬೂ ಹನೀಫಾ ಬಟ್ಟೆ ವ್ಯಾಪಾರದಲ್ಲಿ ದುಡಿದು ಉಂಡವರು, ಖಲೀಫ ಕೊಡ್ತೇನೆ ಅಂದ ಖಾಝಿ (ನ್ಯಾಯಾಧೀಶ) ಹುದ್ದೆನೂ ಬೇಡ ಅಂದ್ರು. ಇನ್ನು ಬೇಗ ಹೊರಡೋದು, ನಡುರಾತ್ರಿ ಎದ್ದು ತಹಜ್ಜುದ್ ನಮಾಝ್ ಮಾಡೋರು ಮದುವೆ ಹಾಲ್‌ನಲ್ಲಿ ಹನ್ನೊಂದರ ತನಕ ಪಟ್ಟಾಂಗ ಹೊಡೀತಾ ಕೂತರೆ ಆಗ್ತದಾ? ತಹಜ್ಜುದ್ ಫರ್ಝ್ (ಕಡ್ಡಾಯ) ಅಲ್ಲ, ಸುನ್ನತ್ (ಪ್ರವಾದಿಯವರ ರೂಢಿ), ಆದ್ರೆ ಇಲ್ಮ್ (ಧರ್ಮಜ್ಞಾನ) ಕಲಿತವರು ಅದನ್ನು ಬಿಡಬಾರದು ಅಂತಾರೆ ಹಿರಿಯರು. ತಟ್ಟಂತ ಫತ್ವಾ (ಧಾರ್ಮಿಕ ತೀರ್ಪು) ಬೇಕಿದ್ರೆ ವಾಟ್ಸಾಪ್ ಗ್ರೂಪಲ್ಲಿ ಧಾರಾಳ ಸಿಗ್ತದೆ, ಉಸ್ತಾದರಿಗೆ ಕಿತಾಬ್ ನೋಡ್ಲಿಕ್ಕೆ ಟೈಮ್ ಕೊಡಿ.