ಚಳಿಯಲ್ಲಿ ಹಳೆ ಶೆವ್ರೊಲೆ ಟ್ರಕ್ ಐಡಲ್‌ನಲ್ಲಿ ಆಫ್ ಆಗ್ತಿದೆ, ಕಾರ್ಬ್ಯುರೇಟರ್ ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದಿದ್ದು ಇಷ್ಟು. 1984ರ ಶೆವ್ರೊಲೆ ಸಿ10 ಪಿಕಪ್, 305 ವಿ8 ಎಂಜಿನ್, ರಾಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ನೀವಿರುವುದು ಮಿನ್ನೆಸೋಟಾದ ಡುಲೂತ್‌ನಲ್ಲಿ. ಮೈನಸ್ 15, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇರುವ ಬೆಳಿಗ್ಗೆ ಎಂಜಿನ್ ಹೇಗೋ ಸ್ಟಾರ್ಟ್ ಆಗುತ್ತದೆ, ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ, ಅಂದರೆ ಐಡಲ್‌ಗೆ ಬಂದ ಕೂಡಲೇ, ಆಫ್. ಹತ್ತು ನಿಮಿಷ ಕಾಲು ಒತ್ತಿಕೊಂಡು ಕೂತರೆ ಆಮೇಲೆ ತೊಂದರೆ ಇಲ್ಲ. ಇನ್ನೊಂದು ಕಡೆ, ಅಕ್ಟೋಬರಿನ ಜಿಟಿಜಿಟಿ ಮಳೆಯಲ್ಲಿ ಹೈವೇ ಮೇಲೆ ಚೆನ್ನಾಗಿಯೇ ಓಡಿ, ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಆಫ್. ಐದು ನಿಮಿಷ ಸುಮ್ನೆ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜಿನವರು ಕಾರ್ಬ್ಯುರೇಟರ್ ಹೋಗಿದೆ, ಹೊಸದು ಹಾಕಿ ಅಂದಿದ್ದಾರೆ.

ಸದ್ಯಕ್ಕೆ ಹೊಸದು ಕೊಳ್ಳಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಎರಡಕ್ಕೂ ಕಾರ್ಬ್ಯುರೇಟರ್ ಒಳಭಾಗ ಕಾರಣ ಆಗಿರುವ ಸಾಧ್ಯತೆ ಕಡಿಮೆ. ಎಂಜಿನ್ ಆಫ್ ಆಗುತ್ತದೆ ಅನ್ನುವುದಕ್ಕಿಂತ ಯಾವಾಗ ಆಫ್ ಆಗುತ್ತದೆ ಅನ್ನುವುದು ಮುಖ್ಯ. ಅದನ್ನು ನೀವೇ ಚೆನ್ನಾಗಿ ಗಮನಿಸಿ ಬರೆದಿದ್ದೀರಿ. ಗ್ಯಾರೇಜಿನವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಮೊದಲು ಮಳೆ ದಿನದ ಕಥೆ. ನೀವು ಹಾಕಿದ ಫೋಟೋದಲ್ಲಿ ಕಾರ್ಬ್ಯುರೇಟರ್ ಮೇಲೆ ಫಳಫಳ ಹೊಳೆಯುವ ಕ್ರೋಮ್ ಏರ್ ಕ್ಲೀನರ್ ಇದೆ, ಸುತ್ತಲೂ ತೆರೆದಿರುವಂಥದ್ದು. ಅದು ಕಂಪನಿಯದ್ದಲ್ಲ, ಹಿಂದಿನ ಮಾಲೀಕರು ಹಾಕಿಸಿದ್ದು. ನೋಡೋಕೆ ಚೆಂದ, ಚಳಿಗಾಲಕ್ಕೆ ಶತ್ರು. ಕಂಪನಿಯವರು ಕೊಟ್ಟಿದ್ದ ಡಬ್ಬಕ್ಕೆ ಒಂದು ಉದ್ದ ಮೂತಿ ಇರುತ್ತಿತ್ತು. ಆ ಮೂತಿಯ ಕೆಳಗಿನಿಂದ ಒಂದು ಮಡಿಕೆ ಮಡಿಕೆ ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್‌ನಿಂದ ಬಿಸಿ ಹೊಗೆ ಹೊರಬರುವ ಕೊಳವೆ) ಸುತ್ತಿದ ತಗಡಿನವರೆಗೆ ಹೋಗುತ್ತಿತ್ತು. ಮೂತಿಯೊಳಗೆ ಒಂದು ಸಣ್ಣ ಬಾಗಿಲು. ಎಂಜಿನ್ ತಣ್ಣಗಿರುವಾಗ ಅದು ಹೊರಗಿನ ಗಾಳಿಯನ್ನು ತಡೆದು ಎಕ್ಸಾಸ್ಟ್ ಹತ್ತಿರದ ಬಿಸಿ ಗಾಳಿಯನ್ನು ಒಳಗೆ ಬಿಡುತ್ತದೆ. ಬಿಸಿಯಾದ ಮೇಲೆ ತಾನಾಗಿ ತಿರುಗಿಕೊಳ್ಳುತ್ತದೆ. ಇದಕ್ಕೆ ಜನರಲ್ ಮೋಟಾರ್ಸ್ ಇಟ್ಟ ಹೆಸರು ಥರ್ಮ್ಯಾಕ್.

ಇದು ಯಾಕೆ ಬೇಕು ಅಂದರೆ, ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸೂಜಿ ಚುಚ್ಚುವ ಮುಂಚೆ ನರ್ಸ್ ಸ್ಪಿರಿಟ್ ಹಚ್ಚಿದರೆ ಚರ್ಮ ತಣ್ಣಗಾಗುತ್ತಲ್ಲ, ಅದೇ ಲೆಕ್ಕ. ಕಾರ್ಬ್ಯುರೇಟರ್ ಗಂಟಲಲ್ಲಿ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನಷ್ಟು, ಕೆಲವು ಸಲ ಅದಕ್ಕಿಂತಲೂ ಜಾಸ್ತಿ ಇಳಿಯಬಹುದು. ಹೊರಗೆ 5 ಡಿಗ್ರಿ ಇದ್ದು ಗಾಳಿ ಒದ್ದೆಯಾಗಿದ್ದರೆ, ಆ ತೇವವೆಲ್ಲ ಥ್ರಾಟಲ್ ತಟ್ಟೆಯ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಅಂಚಿನಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ. ಐಡಲ್‌ಗೆ ಪೆಟ್ರೋಲ್ ಬರುವ ಸಣ್ಣ ತೂತುಗಳು ಇರುವುದೂ ಅಲ್ಲೇ. ಹೈವೇಯಲ್ಲಿ ತಟ್ಟೆ ತೆರೆದಿರುತ್ತದೆ, ಆದ್ದರಿಂದ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ಕಾಲು ತೆಗೆದರೆ ತಟ್ಟೆ ಮುಚ್ಚುತ್ತದೆ, ಮಂಜುಗಡ್ಡೆ ಉಳಿದ ಸಂದನ್ನೂ ಕಟ್ಟುತ್ತದೆ, ಎಂಜಿನ್ ಆಫ್. ಐದು ನಿಮಿಷದಲ್ಲಿ ಕೆಳಗಿನ ಬಿಸಿ ಏರಿ ಮಂಜುಗಡ್ಡೆ ಕರಗುತ್ತದೆ. ಸಾಕ್ಷಿಯೂ ಕರಗಿಹೋಗುತ್ತದೆ! ಗ್ಯಾರೇಜಿಗೆ ಹೋಗುವಷ್ಟರಲ್ಲಿ ಗಾಡಿ ಸರಿ ಇರುವುದು ಇದಕ್ಕೇ.

ಮೈನಸ್ 20ರಲ್ಲಿ ಇದು ಅಷ್ಟಾಗಿ ಆಗುವುದಿಲ್ಲ. ಅಷ್ಟು ಚಳಿಯ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಈ ಕಾಟ ಜಾಸ್ತಿ ಇರುವುದು ಸೊನ್ನೆಯಿಂದ ಹತ್ತು ಹದಿನೈದು ಡಿಗ್ರಿವರೆಗೆ, ಮಳೆ ಅಥವಾ ಮಂಜು ಇರುವಾಗ. ಸಣ್ಣ ವಿಮಾನ ಹಾರಿಸುವವರಿಗೆ ಇದು ಮೊದಲ ಪಾಠಗಳಲ್ಲೊಂದು. ಅವರ ಕೈಗೆ ಬಿಸಿ ಗಾಳಿ ಬಿಡುವುದಕ್ಕೆಂದೇ ಒಂದು ನಾಬ್ ಇರುತ್ತದೆ.

ಹಾಗಾಗಿ ಹಳೆ ಗಾಡಿ ಬಿಚ್ಚಿ ಮಾರುವ ಯಾರ್ಡ್‌ಗಳಲ್ಲಿ ಆ ಕಾಲದ ಶೆವ್ರೊಲೆ ಅಥವಾ ಜಿಎಂಸಿ ಪಿಕಪ್‌ನ ಕಂಪನಿ ಏರ್ ಕ್ಲೀನರ್ ಡಬ್ಬ ಹುಡುಕಿ. ಎಕ್ಸಾಸ್ಟ್ ಮೇಲಿನ ತಗಡು ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಅದನ್ನೂ ತನ್ನಿ. ಮಡಿಕೆ ಪೈಪ್ ಬಿಡಿಭಾಗದ ಅಂಗಡಿಯಲ್ಲಿ ಹೊಸದೇ ಸಿಗುತ್ತದೆ, ಬೆಲೆಯೂ ಕಡಿಮೆ. ಹಾಕಿದ ಮೇಲೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಮೂತಿಯೊಳಗೆ ಕನ್ನಡಿ ಹಿಡಿದು ನೋಡಿ. ಬಾಗಿಲು ಮೇಲೆದ್ದು ಹೊರಗಾಳಿ ಮುಚ್ಚಿರಬೇಕು. ಏಳದಿದ್ದರೆ ಅದಕ್ಕೆ ಬರುವ ವ್ಯಾಕ್ಯೂಮ್ ಪೈಪ್ (ಎಂಜಿನ್‌ನ ಎಳೆತ ತರುವ ಸಣ್ಣ ಪೈಪ್) ಬಿರುಕು ಬಿಟ್ಟಿರುತ್ತದೆ ಅಥವಾ ಡಬ್ಬದೊಳಗಿನ ಸೆನ್ಸರ್ ಕೆಟ್ಟಿರುತ್ತದೆ.

ಕಾರ್ಬ್ಯುರೇಟರ್ ಅಡಿಯನ್ನು ಬಿಸಿ ಮಾಡುವುದಕ್ಕೂ ಇದರಲ್ಲಿ ಒಂದು ಏರ್ಪಾಡು ಇದೆ. ಎಕ್ಸಾಸ್ಟ್ ದಾರಿಯಲ್ಲಿ ಒಂದು ವಾಲ್ವ್, ಹೆಸರು ಇಎಫ್ಇ. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಚಿಕೊಂಡು ಬಿಸಿ ಹೊಗೆಯನ್ನು ಕಾರ್ಬ್ಯುರೇಟರ್ ಕೆಳಗಿರುವ ಇಂಟೇಕ್ ಮ್ಯಾನಿಫೋಲ್ಡ್ ಒಳಗಿನಿಂದ ಹಾಯಿಸುತ್ತದೆ. ತುಕ್ಕು ಹಿಡಿದು ತೆರೆದೇ ನಿಂತಿರುವುದು, ಯಾರೋ ಕಿತ್ತು ಎಸೆದಿರುವುದು, ಎರಡೂ ಮಾಮೂಲು. ಕೈಯಲ್ಲಿ ಅಲ್ಲಾಡಿಸಿ ನೋಡಿ, ಆದರೆ ಎಂಜಿನ್ ತಣ್ಣಗಿದ್ದಾಗ ಮಾತ್ರ.

ಈಗ ಬೆಳಗಿನ ಕಾಯಿಲೆಗೆ ಬರೋಣ. ಇದು ಚೋಕ್ (ತಣ್ಣನೆ ಎಂಜಿನ್‌ಗೆ ಗಾಳಿ ತಗ್ಗಿಸಿ ಪೆಟ್ರೋಲ್ ಪಾಲು ಹೆಚ್ಚಿಸುವ ತಟ್ಟೆ) ಮತ್ತು ಫಾಸ್ಟ್ ಐಡಲ್ (ತಣ್ಣಗಿರುವಾಗ ಐಡಲ್ ವೇಗ ಏರಿಸುವ ಏರ್ಪಾಡು) ವಿಷಯ. ಊರಲ್ಲಿ ಹಳೆ ಮಾರುತಿ 800 ಓಡಿಸಿದ್ದರೆ ಚೋಕ್ ನಾಬ್ ಎಳೆದು ಸ್ಟಾರ್ಟ್ ಮಾಡಿದ್ದು ನೆನಪಿರಬಹುದು. ನಿಮ್ಮ ಸಿ10ನಲ್ಲಿ ಆ ನಾಬ್ ಇಲ್ಲ, ಚೋಕ್ ತಾನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಹೇಳಬೇಕಾದವರು ನೀವೇ! ಸೆಲ್ಫ್ ಹೊಡೆಯುವ ಮುಂಚೆ ಆಕ್ಸಿಲರೇಟರ್ ಪೂರ್ತಿ ಒಂದು ಸಲ ಒತ್ತಿ ಬಿಡಬೇಕು. ತುಂಬಾ ಚಳಿ ಇದ್ದರೆ ಎರಡು ಸಲ. ಹಾಗೆ ಒತ್ತಿದಾಗ ಚೋಕ್ ತಟ್ಟೆ ಮುಚ್ಚುತ್ತದೆ, ಪಕ್ಕದ ಮೆಟ್ಟಿಲು ಮೆಟ್ಟಿಲಾಗಿರುವ ಫಾಸ್ಟ್ ಐಡಲ್ ಕ್ಯಾಮ್ ಏರಿ ನಿಲ್ಲುತ್ತದೆ. ಆಮೇಲೆ ಕಾಲು ತೆಗೆದು ಸೆಲ್ಫ್ ಹೊಡೆಯಿರಿ. ಈಗಿನ ಇಂಜೆಕ್ಷನ್ ಕಾರುಗಳಿಗೆ ಒಗ್ಗಿಹೋದವರು ಈ ಒಂದು ಹೆಜ್ಜೆ ಬಿಡುತ್ತಾರೆ. ನೀವು ಬಿಡುತ್ತಿಲ್ಲ ಅಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ರಾತ್ರಿಯೆಲ್ಲ ಹೊರಗೆ ನಿಂತ ಗಾಡಿಯ ಏರ್ ಕ್ಲೀನರ್ ಮುಚ್ಚಳ ತೆಗೆಯಿರಿ. ಇಗ್ನಿಷನ್ ಆನ್ ಮಾಡಬೇಡಿ. ಯಾರನ್ನಾದರೂ ಒಳಗೆ ಕೂರಿಸಿ ಆಕ್ಸಿಲರೇಟರ್ ಒಂದು ಸಲ ಒತ್ತಿಸಿ. ಮೇಲಿನ ತಟ್ಟೆ ಪೂರ್ತಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಜಿಡ್ಡು ಕಟ್ಟಿ ಕಡ್ಡಿಗಳು ಬಿಗಿಯಾಗಿರುತ್ತವೆ, ಕಾರ್ಬ್ ಕ್ಲೀನರ್ ಹೊಡೆದು ಆಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಅಲ್ಲಿಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಇನ್ನೂ ಬಿಗಿಯಾಗುತ್ತದೆ. ಸಲೀಸಾಗಿ ಆಡುತ್ತಿದೆ ಆದರೂ ಮುಚ್ಚುತ್ತಿಲ್ಲ ಅಂದರೆ ಪಕ್ಕದ ಕಪ್ಪು ಮುಚ್ಚಳದೊಳಗಿನ ಸುರುಳಿ ಸ್ಪ್ರಿಂಗ್ ಸಡಿಲವಾಗಿದೆ.

ಆ ಕಪ್ಪು ಮುಚ್ಚಳ ಎಲೆಕ್ಟ್ರಿಕ್ ಚೋಕ್‌ನದು. ಎಂಜಿನ್ ಓಡುವಾಗ ಅದಕ್ಕೆ 12 ವೋಲ್ಟ್ ಬರಬೇಕು, ಮಲ್ಟಿಮೀಟರ್ ಇಟ್ಟು ನೋಡಿ. ಬರದಿದ್ದರೆ ಚೋಕ್ ಸರಿಯಾಗಿ ತೆರೆಯದೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ನಿಮ್ಮದು ಹತ್ತು ನಿಮಿಷದ ಮೇಲೆ ಸರಿಯಾಗುತ್ತದೆ ಅಂದಿದ್ದೀರಿ, ಆದ್ದರಿಂದ ಕರೆಂಟ್ ಬರುತ್ತಿದೆ ಅನ್ನಿಸುತ್ತದೆ. ಚೋಕ್ ಬಿಗಿ ಮಾಡಬೇಕಾದರೆ ಮುಚ್ಚಳವನ್ನು ಸ್ವಲ್ಪ ತಿರುಗಿಸಬೇಕು. ಆ ಕಾಲದಲ್ಲಿ ಯಾರೂ ಕೈಯಾಡಿಸಬಾರದು ಅಂತ ಕಂಪನಿಯವರು ಅದಕ್ಕೆ ಸ್ಕ್ರೂ ಬದಲು ರಿವೆಟ್ ಹೊಡೆದಿರುತ್ತಿದ್ದರು. ಡ್ರಿಲ್ ಮಾಡಿ ತೆಗೆದು ಸ್ಕ್ರೂ ಹಾಕಿಕೊಳ್ಳಬೇಕು. ಮೊದಲಿದ್ದ ಜಾಗಕ್ಕೆ ಗುರುತು ಹಾಕಿ, ಒಂದು ಗೆರೆಯಷ್ಟೇ ತಿರುಗಿಸಿ, ಮಾರನೇ ಬೆಳಿಗ್ಗೆ ನೋಡಿ. ಒಂದೇ ದಿನದಲ್ಲಿ ಮುಗಿಸುವ ಕೆಲಸ ಅಲ್ಲ ಇದು, ಒಮ್ಮೆ ಬಿಸಿಯಾದ ಎಂಜಿನ್ ಮೇಲೆ ಚೋಕ್ ನೋಡೋಕಾಗಲ್ಲ. ಇನ್ನೊಂದು, ಮುಚ್ಚಳದ ಹಿಂದೆ ಗ್ಯಾಸ್ಕೆಟ್ ಹಾಕಬೇಡಿ. ಅದರ ಅರ್ಥಿಂಗ್ ಸಿಗುವುದು ಕಾರ್ಬ್ಯುರೇಟರ್ ಲೋಹದ ಮೂಲಕವೇ. ಕಿಟ್‌ನಲ್ಲಿ ಬಂದಿದೆ ಅಂತ ಗ್ಯಾಸ್ಕೆಟ್ ಹಾಕಿ, ಚೋಕ್ ಯಾಕೆ ತೆರೆಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ.

ಚೋಕ್ ಮುಚ್ಚುತ್ತಿದೆ, ಆದರೂ ಕಾಲು ತೆಗೆದರೆ ಆಫ್ ಅಂದರೆ ಫಾಸ್ಟ್ ಐಡಲ್ ಸ್ಕ್ರೂ ಕ್ಯಾಮ್ ಮೇಲೆ ಕೂರುತ್ತಿದೆಯಾ ನೋಡಿ. ನೀವು ಕೊಟ್ಟ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಎಷ್ಟು ಆರ್‌ಪಿಎಂ ಇರಬೇಕು ಅನ್ನುವುದು ಬಾನೆಟ್ ಕೆಳಗಿನ ಎಮಿಷನ್ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಕೂಡ ಅದರಲ್ಲೇ ನೋಡಿ, ಬೇರೆಯವರ ಗಾಡಿಯ ಲೆಕ್ಕ ಹಿಡಿಯಬೇಡಿ.

ಸ್ಟಾರ್ಟ್ ಆದ ಕ್ಷಣದಲ್ಲಿ ಚೋಕ್ ತಟ್ಟೆಯನ್ನು ಒಂಚೂರು ತೆರೆಯುವ ಒಂದು ವ್ಯಾಕ್ಯೂಮ್ ಡಬ್ಬಿ ಇದೆ, ಪುಲ್ ಆಫ್ ಅಂತಾರೆ. ಅದರ ಒಳಗಿನ ರಬ್ಬರ್ ಹರಿದಿದ್ದರೆ ಸ್ಟಾರ್ಟ್ ಆಗಿ ಎರಡು ಮೂರು ಸೆಕೆಂಡಿನಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಆಫ್ ಆಗುತ್ತದೆ. ಕಡ್ಡಿಯನ್ನು ಒಳಕ್ಕೆ ಒತ್ತಿ, ಪೈಪ್ ಬಾಯಿಗೆ ಬೆರಳಿಡಿ. ಕಡ್ಡಿ ಒಳಗೇ ನಿಲ್ಲಬೇಕು. ಮೆಲ್ಲಗೆ ಹೊರಗೆ ಬಂದರೆ ಹೊಸದು ಹಾಕಿ.

ವ್ಯಾಕ್ಯೂಮ್ ಲೀಕ್ ಬಗ್ಗೆಯೂ ಒಂದು ಮಾತು. ನಲವತ್ತು ವರ್ಷದ ರಬ್ಬರ್ ಪೈಪ್ ಚಳಿಯಲ್ಲಿ ಕಲ್ಲಾಗಿರುತ್ತದೆ, ಬೇಸಿಗೆಯಲ್ಲಿ ಸೀಲ್ ಆಗಿದ್ದು ಈಗ ಗಾಳಿ ಎಳೆಯುತ್ತದೆ. ಬಗ್ಗಿಸಿದರೆ ಬಿರುಕು ಕಾಣುವ ಪೈಪ್‌ಗಳನ್ನೆಲ್ಲ ಬದಲಿಸಿಬಿಡಿ. ಲೀಕ್ ಹುಡುಕಲು ಕಾರ್ಬ್ ಕ್ಲೀನರ್ ಹೊಡೆಯುವುದು ರೂಢಿ, ಆದರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಎಂಜಿನ್ ಇನ್ನೂ ಬೆಚ್ಚಗಾಗುವ ಮುಂಚೆಯೇ ನೋಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಕಾರ್ಬ್ಯುರೇಟರ್ ಬುಡದ ಬೋಲ್ಟ್‌ಗಳು ಸಡಿಲವಿದ್ದರೆ ಹದವಾಗಿ ಬಿಗಿ ಮಾಡಿ. ಕ್ವಾಡ್ರಾಜೆಟ್‌ನಲ್ಲಿ ಮುಂದಿನ ಎರಡು ಬೋಲ್ಟ್ ಅತಿಯಾಗಿ ಬಿಗಿದರೆ ಮೇಲಿನ ಭಾಗ ಸೊಟ್ಟಗಾಗುತ್ತದೆ, ಅದು ಮತ್ತೆ ನೇರವಾಗುವುದು ಕಷ್ಟ.

ಮಿಕ್ಸ್ಚರ್ ಸ್ಕ್ರೂ ಮುಟ್ಟಬೇಡಿ. ಚಳಿ ಬಂತು ಅಂದ ಕೂಡಲೇ ಎಲ್ಲರ ಕೈ ಹೋಗುವುದು ಅಲ್ಲಿಗೇ. ಆ ಎರಡು ಸ್ಕ್ರೂ ಇರುವುದು ಬಿಸಿ ಎಂಜಿನ್‌ನ ಐಡಲ್‌ಗೆ, ನಿಮ್ಮದು ಬಿಸಿಯಾದ ಮೇಲೆ ಚೆನ್ನಾಗಿದೆ ಅಲ್ವಾ? ಹಾಗಿದ್ದರೆ ಅವು ಸರಿಯಾಗಿಯೇ ಇವೆ.

ಪೆಟ್ರೋಲ್ ವಿಷಯ: ಮಿನ್ನೆಸೋಟಾದಲ್ಲಿ ಸಾಮಾನ್ಯ ಪೆಟ್ರೋಲ್‌ಗೆ 10 ಶೇಕಡಾ ಎಥನಾಲ್ ಸೇರಿರುತ್ತದೆ. ಅದರಿಂದ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾದಂತೆ), ತಣ್ಣನೆ ಎಂಜಿನ್‌ಗೆ ಅದು ಹಿಡಿಸುವುದಿಲ್ಲ. ಹಳೆ ಸಂಗ್ರಹದ ಗಾಡಿ, ದೋಣಿ, ಸ್ನೋಮೊಬೈಲ್‌ಗಳಿಗೆ ಅಂತ ಎಥನಾಲ್ ಇಲ್ಲದ ಪ್ರೀಮಿಯಂ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ. ನಿಮ್ಮ ಗಾಡಿ ಕಲೆಕ್ಟರ್ ಪ್ಲೇಟ್‌ನಲ್ಲಿದ್ದರೆ (ಹಳೆ ಸಂಗ್ರಹದ ಗಾಡಿಗಳಿಗೆ ಕೊಡುವ ನಂಬರ್ ಪ್ಲೇಟ್) ಒಂದು ಟ್ಯಾಂಕ್ ಹಾಕಿ ನೋಡಬಹುದು. ಬೇಸಿಗೆಯಲ್ಲಿ ತುಂಬಿಸಿದ ಪೆಟ್ರೋಲ್ ಇನ್ನೂ ಉಳಿದಿದ್ದರೆ ಮೊದಲು ಅದನ್ನು ಮುಗಿಸಿ. ಚಳಿಗಾಲದ ಪೆಟ್ರೋಲ್ ಬೇಗ ಆವಿಯಾಗುವ ಹಾಗೆ ಬೇರೆಯಾಗಿಯೇ ತಯಾರಾಗುತ್ತದೆ. ಡುಲೂತ್‌ನ ಚಳಿಗೆ ಬ್ಲಾಕ್ ಹೀಟರ್ (ನಿಂತಿರುವ ಎಂಜಿನ್ ಅನ್ನು ಕರೆಂಟಿನಿಂದ ಬೆಚ್ಚಗಿಡುವ ಸಾಧನ) ಹಾಕಿಸಿಕೊಳ್ಳುವುದೂ ಒಳ್ಳೆಯದು, ಚೋಕ್‌ಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಇದನ್ನೆಲ್ಲ ಗ್ಯಾರೇಜ್ ಬಾಗಿಲು ಹಾಕಿಕೊಂಡು ಮಾತ್ರ ಮಾಡಬೇಡಿ. ಚೋಕ್ ಮೇಲೆ ಓಡುವ ಎಂಜಿನ್ ಬಿಡುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಾ ಜಾಸ್ತಿ. ಎಷ್ಟೇ ಚಳಿ ಇದ್ದರೂ ಗಾಡಿ ಹೊರಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟು ನೋಡಿ.

ಇಷ್ಟೆಲ್ಲ ಆದ ಮೇಲೂ ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿದ್ದರೆ ಆಗ ಕಾರ್ಬ್ಯುರೇಟರ್ ಮೇಲೆ ಅನುಮಾನ ಪಡಿ. ಕ್ವಾಡ್ರಾಜೆಟ್‌ನ ತಳದಲ್ಲಿರುವ ಪ್ಲಗ್‌ಗಳು ಸೋರಿ ರಾತ್ರಿಯಲ್ಲಿ ಬೌಲ್ (ಒಳಗಿನ ಪೆಟ್ರೋಲ್ ತೊಟ್ಟಿ) ಖಾಲಿಯಾಗುವುದು ಹಳೆಯ ರೋಗ. ಅದರೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಕೂಡ ವರ್ಷಗಳಾದ ಮೇಲೆ ಪೆಟ್ರೋಲ್ ಹೀರಿ ಭಾರವಾಗುತ್ತದೆ. ಅದಕ್ಕೂ ಹೊಸ ಕಾರ್ಬ್ಯುರೇಟರ್ ಬೇಕಿಲ್ಲ, ಒಂದು ರಿಪೇರಿ ಕಿಟ್, ಒಂದು ಫ್ಲೋಟ್, ಆ ಪ್ಲಗ್‌ಗಳಿಗೆ ಪೆಟ್ರೋಲ್ ತಡೆಯುವ ಎಪಾಕ್ಸಿ ಸಾಕು. ಥ್ರಾಟಲ್ ಶಾಫ್ಟ್ ಸವೆದು ಗಡಗಡ ಅಲ್ಲಾಡುತ್ತಿದ್ದರೆ ಮಾತ್ರ ಕ್ವಾಡ್ರಾಜೆಟ್ ಗೊತ್ತಿರುವವರ ಕೈಗೆ ಕೊಟ್ಟು ಬುಶ್ ಹಾಕಿಸಿ. ನಾಳೆ ಬೆಳಿಗ್ಗೆ ಆಕ್ಸಿಲರೇಟರ್ ಒತ್ತಿದಾಗ ಚೋಕ್ ತಟ್ಟೆ ಮುಚ್ಚಿತಾ, ಫಾಸ್ಟ್ ಐಡಲ್ ಸ್ಕ್ರೂ ಕ್ಯಾಮ್ ಮೇಲೆ ಕೂತಿತಾ ಅಂತ ನೋಡಿ ಇಲ್ಲೇ ಬರೆಯಿರಿ, ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.