ಡ್ರೈಸೂಟ್ ತರಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ಕೂಬಾ ಡೈವಿಂಗಿಗೆ ನನ್ನ ಬಳಿ 7 ಮಿ.ಮೀ. ದಪ್ಪದ ವೆಟ್‌ಸೂಟ್ (ಒಳಗೆ ನೀರು ಸೇರುವ ರಬ್ಬರ್ ಉಡುಪು) ಇದೆ. 8–10 ಡಿಗ್ರಿ ನೀರಿಗೆ ಇಳಿದರೆ ಸ್ವಲ್ಪ ಹೊತ್ತಿಗೇ ನಡುಕ ಶುರುವಾಗುತ್ತದೆ. ಒಳಗೆ ಇನ್ನೊಂದು ಪದರ ಹಾಕಿಕೊಂಡರೆ ಸಾಕೇ, ಡ್ರೈಸೂಟೇ (ನೀರನ್ನು ಒಳಬಿಡದ ಉಡುಪು) ಬೇಕೇ?

ಉತ್ತರ: ಡ್ರೈಸೂಟೇ ಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ವೆಟ್‌ಸೂಟಿನಲ್ಲಿ ಆ ಬಿಸಿಯನ್ನು ತಡೆಯುವುದು ನಿಯೋಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನ ಒಳಗಿನ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ಮೇಲೆ 1 ಬಾರ್ ಇರುವ ಒತ್ತಡ 10 ಮೀಟರಿಗೆ 2, 20 ಮೀಟರಿಗೆ 3 ಬಾರ್ ಆಗುತ್ತದೆ. ಗುಳ್ಳೆಗಳು ಕುಗ್ಗುತ್ತವೆ, ಬಟ್ಟೆ ತೆಳ್ಳಗಾಗುತ್ತದೆ. ಅಂದರೆ ನೀರು ಎಲ್ಲಿ ಹೆಚ್ಚು ತಣ್ಣಗಿರುತ್ತದೋ ಅಲ್ಲೇ ಸೂಟು ಕೈಕೊಡುತ್ತದೆ. ಇನ್ನೊಂದು ಪದರ ಸೇರಿಸಿದರೂ ಅದೇ ಗತಿ, ಮೇಲಾಗಿ ತೋಳು ಎತ್ತುವುದೂ ಕಷ್ಟ.

ಡ್ರೈಸೂಟಿನಲ್ಲಿ ಎದೆಯ ಮೇಲಿನ ವಾಲ್ವಿನಿಂದ ಗಾಳಿ ತುಂಬಿ, ಕುಗ್ಗಿದ ಜಾಗವನ್ನು ಮತ್ತೆ ಭರ್ತಿ ಮಾಡಬಹುದು. ಎಷ್ಟೇ ಆಳಕ್ಕೆ ಹೋದರೂ ಮೈಸುತ್ತಲಿನ ಗಾಳಿಯ ಪದರ ಉಳಿಯುತ್ತದೆ. ನೀರು 15 ಡಿಗ್ರಿಗಿಂತ ಕೆಳಗಿದ್ದರೆ ಡ್ರೈಸೂಟ್ ಯೋಚಿಸಿ, 10ಕ್ಕಿಂತ ಕೆಳಗಿದ್ದರೆ ಯೋಚಿಸುವುದಕ್ಕೂ ಏನೂ ಇಲ್ಲ.

ಪ್ರಶ್ನೆ: ಟ್ರೈಲ್ಯಾಮಿನೇಟ್, ನಿಯೋಪ್ರೀನ್, ಕ್ರಶ್ಡ್ ನಿಯೋಪ್ರೀನ್ ಎಂದು ಹಲವು ಬಗೆ ಇವೆ. ಯಾವುದು ಹೆಚ್ಚು ಬೆಚ್ಚಗಿರುತ್ತದೆ?

ಉತ್ತರ: ಈ ಪ್ರಶ್ನೆಯಿಂದ ಶುರುಮಾಡಿದವರೇ ಹೆಚ್ಚಾಗಿ ತಪ್ಪು ಸೂಟು ತರಿಸುವುದು. ಸೂಟಿನ ಕೆಲಸ ನೀರನ್ನು ಹೊರಗಿಡುವುದು. ಬೆಚ್ಚಗಿಡುವುದು ಅದರೊಳಗಿನ ಅಂಡರ್‌ಸೂಟ್. ಟ್ರೈಲ್ಯಾಮಿನೇಟ್ ಎಂದರೆ ಎರಡು ಬಟ್ಟೆಗಳ ನಡುವೆ ಬ್ಯುಟೈಲ್ ರಬ್ಬರಿನ ಪದರ, ಅದಕ್ಕೆ ತನ್ನದೆಂಬ ಬಿಸಿ ಇಲ್ಲವೇ ಇಲ್ಲ. ಹಗುರ, ಬೇಗ ಒಣಗುತ್ತದೆ, ಅಂಡರ್‌ಸೂಟ್ ಬದಲಿಸಿ 4 ಡಿಗ್ರಿಗೂ 14 ಡಿಗ್ರಿಗೂ ಒಂದೇ ಸೂಟು ಬಳಸಬಹುದು. ಆದರೆ ಹಿಗ್ಗುವುದಿಲ್ಲ, ಆದ್ದರಿಂದ ತುಸು ಸಡಿಲವಾಗಿ ಹೊಲಿದಿರುತ್ತಾರೆ. ಮಾಮೂಲಿ ನಿಯೋಪ್ರೀನ್ ತಾನೇ ಬೆಚ್ಚಗಿದ್ದು ಮೈಗೆ ಅಂಟಿಕೊಂಡಂತೆ ಕೂರುತ್ತದೆ, ಆದರೆ ಆಳಕ್ಕೆ ಹೋದಂತೆ ವೆಟ್‌ಸೂಟಿನ ಹಾಗೆಯೇ ಕುಗ್ಗಿ ತೇಲುವ ಬಲ ಬದಲಾಗುತ್ತದೆ. ಕ್ರಶ್ಡ್ ನಿಯೋಪ್ರೀನ್ ಇವೆರಡರ ನಡುವಿನದು: ಗಟ್ಟಿ, ಸ್ವಲ್ಪ ಹಿಗ್ಗುತ್ತದೆ, ತೂಕ ಜಾಸ್ತಿ, ಒಣಗುವುದು ನಿಧಾನ. ಮೊದಲ ಸೂಟಿಗೆ ನಮ್ಮ ಸಲಹೆ ಟ್ರೈಲ್ಯಾಮಿನೇಟ್.

ಪ್ರಶ್ನೆ: ಅಳತೆಗೆ ಹೊಲಿಸಿದ ಸೂಟು ತರಿಸುತ್ತಿದ್ದೇನೆ. ಎತ್ತರ, ಎದೆ, ಸೊಂಟದ ಅಳತೆ ಕಳಿಸಿದ್ದೇನೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಅಂಡರ್‌ಸೂಟ್ ಮೊದಲು ಕೊಳ್ಳಿ, ಅದನ್ನು ತೊಟ್ಟು ಅಳತೆ ಕೊಡಿ. ಅಥವಾ ಬರೀ ಮೈಯ ಅಳತೆ ಕೊಟ್ಟು, ಯಾವ ದಪ್ಪದ ಅಂಡರ್‌ಸೂಟ್ ಎಂದು ಆರ್ಡರಿನಲ್ಲಿ ಬರೆಯಿರಿ. ತಯಾರಕರು ಎರಡರಲ್ಲಿ ಯಾವುದನ್ನು ಕೇಳಿದ್ದಾರೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಅಂಡರ್‌ಸೂಟ್ ಮೇಲೆ ತೆಗೆದ ಅಳತೆಗೆ ಅವರು ಮತ್ತೆ ಸಡಿಲ ಸೇರಿಸಿದರೆ ಸೂಟು ಚೀಲವಾಗುತ್ತದೆ. 10–15 ಡಿಗ್ರಿಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಥಿನ್ಸುಲೇಟ್ (ಬಿಸಿ ಹಿಡಿದಿಡುವ ಕೃತಕ ಎಳೆಯ ಪದರ) ಅಂಡರ್‌ಸೂಟ್ ನಡೆಯುತ್ತದೆ, 5–6 ಡಿಗ್ರಿಗಿಂತ ಕೆಳಗೆ 400 ಗ್ರಾಮಿನದು ಬೇಕು. ಅದರಡಿ ಬೆವರು ಹೀರುವ ತೆಳು ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಒಳಂಗಿ. ಹತ್ತಿ ಬೇಡ, ಬೆವರಿಗೆ ನೆಂದು ಮೈಗಂಟಿ ಚಳಿ ಹಿಡಿಸುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಅಳತೆ ಒಂದಿದೆ: ಹೆಗಲಿನ ನಡುವಿನಿಂದ ಟೇಪನ್ನು ಎದೆಯ ಮೇಲೆ ಇಳಿಸಿ, ಕಾಲುಗಳ ಸಂದಿಯಲ್ಲಿ ಹಾಯಿಸಿ, ಬೆನ್ನ ಮೇಲಿಂದ ಅದೇ ಹೆಗಲಿಗೆ ತಂದು ಮುಗಿಸುವ ಸುತ್ತಳತೆ. ಇದು ಕಮ್ಮಿಯಾದರೆ ಕುಕ್ಕರಗಾಲಲ್ಲಿ ಕೂತಾಗ ಸೂಟು ಕುತ್ತಿಗೆಯನ್ನು ಕೆಳಕ್ಕೆ ಎಳೆಯುತ್ತದೆ. ಅಳೆಯಲು ಇನ್ನೊಬ್ಬರ ನೆರವು ಪಡೆಯಿರಿ, ಒಬ್ಬರೇ ಬಗ್ಗಿ ನೋಡಿಕೊಂಡು ಅಳೆದರೆ ಬಗ್ಗಿದ ಬೆನ್ನಿನ ಅಳತೆ ಸಿಗುತ್ತದೆ. ಕುತ್ತಿಗೆ ಮತ್ತು ಮಣಿಕಟ್ಟಿನ ಸುತ್ತಳತೆ ಮಾತ್ರ ಬರೀ ಚರ್ಮದ ಮೇಲೆ. ಪಾದದ ಉದ್ದ ದಪ್ಪ ಕಾಲುಚೀಲ ಹಾಕಿಕೊಂಡು. ಸೂಟಿಗೇ ಅಂಟಿಕೊಂಡಿರುವ ಬೂಟು ದೊಡ್ಡದಾದರೆ ಅಲ್ಲಿ ಗಾಳಿ ಸೇರಿ ಪಾದವೇ ಹೊರಜಾರುತ್ತದೆ, ಬಿಗಿಯಾದರೆ ರಕ್ತ ಓಡಾಡದೆ ಬೆರಳು ಮರಗಟ್ಟುತ್ತವೆ. ಹಳೆಯ ಫಿನ್ (ಈಜಲು ಪಾದಕ್ಕೆ ತೊಡುವ ರೆಕ್ಕೆ) ಈ ಬೂಟಿಗೆ ಹಿಡಿಯದೇ ಹೋಗಬಹುದು, ಹೊಸ ಫಿನ್ ಕೊಳ್ಳುವುದಿದ್ದರೆ ಸೂಟು ಬಂದ ಮೇಲೆ ಕೊಳ್ಳಿ.

ಜಿಪ್ ಎಲ್ಲಿರಬೇಕೆಂದೂ ತಿಳಿಸಬೇಕು. ಬೆನ್ನ ಮೇಲೆ ಅಡ್ಡಕ್ಕಿದ್ದರೆ ಹಾಕಲು ಜೊತೆಗಾರ ಬೇಕು. ಎದೆಯ ಮೇಲೆ ಓರೆಯಾಗಿ ಬರುವುದನ್ನು ನೀವೇ ಹಾಕಿಕೊಳ್ಳಬಹುದು. ಒಬ್ಬರೇ ತಯಾರಾಗುವ ಸಂದರ್ಭ ಇದ್ದರೆ ಎದೆಯ ಜಿಪ್ಪಿಗೆ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ.

ಸೂಟು ಬಂದ ದಿನ ಚೀಟಿ ಹರಿಯುವ ಮೊದಲು ಅಂಡರ್‌ಸೂಟ್ ಸಮೇತ ತೊಟ್ಟು, ಎರಡೂ ಕೈ ನೆಟ್ಟಗೆ ಮೇಲೆತ್ತಿ, ಎದುರು ಹೆಗಲು ಮುಟ್ಟಿ, ಪೂರ್ತಿ ಕುಕ್ಕರಗಾಲಲ್ಲಿ ಕೂತು, ಫಿನ್ ಪಟ್ಟಿಗೆ ಕೈ ಎಟುಕುತ್ತದೆಯೇ ನೋಡಿ. ಬೆನ್ನ ಸಿಲಿಂಡರಿನ ವಾಲ್ವಿಗೆ ಕೈ ಹೋಗದಿದ್ದರೆ ಸೂಟು ವಾಪಸ್ ಕಳಿಸಿ. ಕುತ್ತಿಗೆಯ ಸೀಲನ್ನು (ನೀರು ನುಗ್ಗದಂತೆ ಚರ್ಮಕ್ಕೆ ಬಿಗಿಯಾಗಿ ಕೂರುವ ಪಟ್ಟಿ) ಆ ದಿನ ಕತ್ತರಿಸಬೇಡಿ, ಕತ್ತರಿಸಿದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಹೊಸ ಲೇಟೆಕ್ಸ್ (ತೆಳು ರಬ್ಬರ್) ಕುತ್ತಿಗೆ ಸೀಲ್ ಬಿಗಿಯಾಗಿದೆ. ನೀರು ಬರಬಾರದೆಂದರೆ ಹಾಗೇ ಇರಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಖಂಡಿತ ಅಲ್ಲ. ಈ ಮಾತು ಅಪಾಯದ್ದು. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ರಕ್ತದೊತ್ತಡ ಗ್ರಹಿಸುವ ಜಾಗಗಳಿವೆ. ಅವನ್ನು ಹೊರಗಿನಿಂದ ಒತ್ತಿದರೆ ಒತ್ತಡ ಏರಿದೆಯೆಂದು ದೇಹ ತಪ್ಪಾಗಿ ತಿಳಿದು ಹೃದಯದ ಬಡಿತ ಇಳಿಸುತ್ತದೆ. ತಲೆ ಹಗುರಾಗುತ್ತದೆ, ಕಣ್ಣು ಮಂಜಾಗುತ್ತದೆ, ಎಚ್ಚರವೂ ತಪ್ಪಬಹುದು. ನೀರೊಳಗೆ ಹಾಗಾದರೆ ಪ್ರಾಣಕ್ಕೇ ಸಂಚಕಾರ. ದಡದಲ್ಲೇ ಮುಖ ಕೆಂಪಗಾಗಿ ತಲೆ ಸುತ್ತಿದರೆ ಎರಡೂ ಹೆಬ್ಬೆರಳು ತೂರಿಸಿ ಸೀಲನ್ನು ಹಿಗ್ಗಿಸಿ, ಅವತ್ತು ಇಳಿಯಬೇಡಿ.

ಶಂಕುವಿನಾಕಾರದ ಲೇಟೆಕ್ಸ್ ಸೀಲಿನ ಮೇಲೆ ಉಬ್ಬಿದ ಗೆರೆಗಳು ಸುತ್ತಲೂ ಓಡಿರುತ್ತವೆ. ಒಬ್ಬರು ಸೀಲನ್ನು ಸಮನಾಗಿ ಎಳೆದು ಹಿಡಿಯಲಿ, ಇನ್ನೊಬ್ಬರು ಉದ್ದ ಅಲಗಿನ ಹರಿತವಾದ ಕತ್ತರಿಯಿಂದ ಗೆರೆಯ ಗುಂಟ ಕತ್ತರಿಸಲಿ. ಕತ್ತರಿಯ ಬಾಯಿ ಪೂರ್ತಿ ಮುಚ್ಚದೆ ಮುಂದಕ್ಕೆ ಸರಿಸುತ್ತ ಹೋಗಿ. ಮುಚ್ಚಿ ತೆರೆದ ಕಡೆಯೆಲ್ಲ ಸಣ್ಣ ಕಚ್ಚು ಉಳಿಯುತ್ತದೆ, ಮುಂದೆ ಸೀಲ್ ಹರಿಯುವುದು ಅಲ್ಲಿಂದಲೇ. ಒಂದು ಗೆರೆ ಕತ್ತರಿಸಿ, ತೊಟ್ಟು, ಹತ್ತು ನಿಮಿಷ ಓಡಾಡಿ, ತಲೆ ಆಚೀಚೆ ತಿರುಗಿಸಿ, ಎಂಜಲು ನುಂಗಿ. ತೊಂದರೆ ಉಳಿದಿದ್ದರೆ ಮಾತ್ರ ಇನ್ನೊಂದು ಗೆರೆ. ನಿಯೋಪ್ರೀನ್ ಸೀಲಾದರೆ ಕತ್ತರಿಯ ಗೊಡವೆ ಬೇಡ, ದುಂಡನೆಯ ಪಾತ್ರೆಗೆ ರಾತ್ರಿಯಿಡೀ ತೊಡಿಸಿಟ್ಟು ಹಿಗ್ಗಿಸುತ್ತಾರೆ.

ಪ್ರಶ್ನೆ: ಪ್ರತಿ ಡೈವ್ ಆದಮೇಲೂ ಎಡತೋಳು ಒದ್ದೆ. ಸೂಟು ತೂತಾಗಿದೆಯೇ?

ಉತ್ತರ: ಒದ್ದೆಯ ಜಾಗ ನೋಡಿದರೆ ಕಾರಣ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಗಾಳಿ ಹೊರಬಿಡುವ ವಾಲ್ವ್ ಇರುವುದು ಎಡತೋಳಿನಲ್ಲಿ. ಅಂಡರ್‌ಸೂಟಿನ ಒಂದು ನೂಲೆಳೆಯೋ ಮರಳಿನ ಕಣವೋ ಅದರೊಳಗಿನ ರಬ್ಬರ್ ಬಿಲ್ಲೆಯಡಿ ಸಿಕ್ಕಿಕೊಂಡರೆ ಬಿಲ್ಲೆ ಪೂರ್ತಿ ಮುಚ್ಚುವುದಿಲ್ಲ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ನೋಡಿ. ಒದ್ದೆ ಮಣಿಕಟ್ಟಿನಿಂದ ಮೇಲಕ್ಕೆ ಹಬ್ಬಿದ್ದರೆ ವಾಲ್ವ್ ಅಲ್ಲ: ಮುಷ್ಟಿ ಬಿಗಿಹಿಡಿದಾಗ ಮಣಿಕಟ್ಟಿನ ಸ್ನಾಯುರಜ್ಜುಗಳೆದ್ದು ನಡುವೆ ಕಾಲುವೆ ಬೀಳುತ್ತದೆ, ನೀರು ಅದರಲ್ಲಿ ಹರಿದು ಬರುತ್ತದೆ. ಸೀಲನ್ನು ಇನ್ನಷ್ಟು ಮೇಲಕ್ಕೆ, ಚಪ್ಪಟೆ ಜಾಗಕ್ಕೆ ಸರಿಸಿ. ಮೈಯೆಲ್ಲ ತೆಳುವಾಗಿ ತೇವವಾಗಿದ್ದರೆ ಅದು ಬೆವರು. ಜಿಪ್ಪಿನ ಕೊನೆಯ ಹತ್ತಿರ ಒದ್ದೆಯಾದರೆ ಜಿಪ್ಪನ್ನು ತುದಿ ಮುಟ್ಟುವವರೆಗೆ ಎಳೆದಿಲ್ಲ ಎಂದರ್ಥ, ಒಂದು ಹಲ್ಲು ಬಿಟ್ಟರೂ ಸಾಕು.

ಇದಾವುದೂ ಅಲ್ಲವೆಂದಾದರೆ ಸೀಲುಗಳಿಗೆ ದುಂಡನೆಯ ಬಾಟಲಿ ಸಿಕ್ಕಿಸಿ, ವಾಲ್ವ್ ಬಿಗಿಮಾಡಿ, ಗಾಳಿ ತುಂಬಿ, ಸೋಪಿನ ನೀರು ಬಳಿಯಿರಿ. ಗುಳ್ಳೆ ಏಳುವ ಕಡೆ ತೂತಿದೆ.

ಪ್ರಶ್ನೆ: ನೂರಾರು ಡೈವ್ ಅನುಭವವಿದೆ. ಡ್ರೈಸೂಟಿಗೆ ಬೇರೆ ತರಬೇತಿ ಬೇಕೇ?

ಉತ್ತರ: ಬೇಕು. ಡೈವಿಂಗ್ ತರಬೇತಿ ಸಂಸ್ಥೆಗಳಾದ ಪಾಡಿ, ಎಸ್‌ಎಸ್‌ಐ ಎರಡರಲ್ಲೂ ಇದಕ್ಕೇ ಪ್ರತ್ಯೇಕ ಕೋರ್ಸಿದೆ. ಗಾಳಿ ಕಾಲಿನತ್ತ ಓಡಿದರೆ ತಲೆ ಕೆಳಗಾಗುತ್ತದೆ. ಗಾಳಿ ಬಿಡುವ ವಾಲ್ವ್ ತೋಳಿನಲ್ಲಿರುವುದರಿಂದ ಆಗ ಅದು ಕೆಲಸಕ್ಕೆ ಬಾರದು. ಮಂಡಿ ಎದೆಗೆ ಮಡಚಿ ಉರುಳಿ ನೆಟ್ಟಗಾಗುವುದನ್ನು ಕೊಳದಲ್ಲಿ ಕಲಿತಿರಬೇಕು. ತಣ್ಣೀರಿನಲ್ಲಿ ಗಾಳಿ ತುಂಬುವ ಗುಂಡಿಯನ್ನು ಒತ್ತಿಹಿಡಿಯಬೇಡಿ, ವಾಲ್ವ್ ತೆರೆದಂತೆಯೇ ಹೆಪ್ಪುಗಟ್ಟಬಹುದು. ಚಿಕ್ಕ ಚಿಕ್ಕದಾಗಿ ಒತ್ತಿ. ಸಿಕ್ಕಿಕೊಂಡರೆ ಮೊದಲು ಸೂಟಿಗೆ ಗಾಳಿ ತರುವ ಹೋಸ್ ಕಳಚಿ, ಹೊರಬಿಡುವ ವಾಲ್ವ್ ತೆರೆಯಿರಿ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವನ್ನೂ ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು: ಸಿಲಿಂಡರಿನಲ್ಲಿ 50 ಬಾರ್ ಉಳಿದಾಗ 5 ಮೀಟರಿನಲ್ಲಿ, ಸೂಟಿನ ಗಾಳಿ ಬಹುಪಾಲು ಬಿಟ್ಟು, ಅಲುಗಾಡದೆ ನಿಲ್ಲಲಾಗಬೇಕು.

ಪ್ರಶ್ನೆ: ಸೀಲು ಸುಲಭವಾಗಿ ಜಾರಲು ವ್ಯಾಸಲೀನ್ ಹಚ್ಚಬಹುದೇ?

ಉತ್ತರ: ಬೇಡ. ಪೆಟ್ರೋಲಿಯಂ ಜಿಡ್ಡು ಲೇಟೆಕ್ಸನ್ನು ಹಾಳುಮಾಡುತ್ತದೆ. ಸುವಾಸನೆಯಿಲ್ಲದ ಟಾಲ್ಕ್ ಪುಡಿ ಸಾಕು. ಹಾಕಿಕೊಳ್ಳುವ ಮೊದಲು ಓಲೆ, ಸರ, ಬಳೆ, ಉಂಗುರ ತೆಗೆದಿಡಿ, ಉಗುರು ಕತ್ತರಿಸಿ. ಹಿತ್ತಾಳೆ ಹಲ್ಲಿನ ಜಿಪ್ಪಿಗೆ ಹೊರಗಿನಿಂದ ಮೇಣ ಉಜ್ಜಿ, ಪ್ಲಾಸ್ಟಿಕ್ ಜಿಪ್ಪಿಗೆ ಮೇಣ ಬೇಡ, ಮುಚ್ಚಿಕೊಳ್ಳುವ ತುದಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸಾಕು. ಯಾವುದಾದರೂ ಸರಿ, ಜಿಪ್ಪನ್ನು ಚೂಪಾಗಿ ಮಡಚಿ ಪೆಟ್ಟಿಗೆಗೆ ತುರುಕಬೇಡಿ.