ಮಕ್ಕಳಿಗೆ ಬಂದ್ ಗೊತ್ತು, ಅರ್ಜಿ ಗೊತ್ತಿಲ್ಲ

ಮೈಸೂರು ಬಿಟ್ಟು ನಮ್ಮ ನವಲಗುಂದ ಸೀಮೆಗೆ ಸಮಾಜ ವಿಜ್ಞಾನ ಹೇಳಲು ಬರ್ತಿದ್ದೀರಿ. ಸಂತೋಷ. "ಗಡಿ ಕಡೆಯ ಮಕ್ಕಳು, ಪ್ರಚಲಿತ ವಿಷಯ ತೆಗೆದರೆ ಕ್ಲಾಸಿನಲ್ಲಿ ಗಲಾಟೆ ಆಗಲ್ವಾ?" ಅಂತ ಕೇಳಿದ್ದೀರಿ.

ಆಗುತ್ತದೆ. ಆಗಲಿ ಬಿಡಿ, ಸುಮ್ನೆ ಕೂತ ಕ್ಲಾಸಿಗಿಂತ ಅದು ವಾಸಿ. ಇಲ್ಲಿ ತೊಂದರೆಯೇ ಬೇರೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಭಾರತಕ್ಕಿರುವ ಸವಾಲುಗಳು ಅಂತ ಒಂದು ಪಾಠ ಇದೆ, ಸಾಮಾಜಿಕ ಸಮಸ್ಯೆಗಳು ಅಂತ ಇನ್ನೊಂದು. ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ಅದೇ ಸವಾಲು ಅವರ ಮನೆಯಲ್ಲೇ ಕೂತಿರುತ್ತದೆ. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರುವುದಿಲ್ಲ.

ಮೊದಲು ಮಹದಾಯಿ. ಇದನ್ನು ಬಿಟ್ಟು ಇಲ್ಲಿ ಪೌರನೀತಿ ಹೇಳಲು ಆಗುವುದಿಲ್ಲ. ನಿಮ್ಮ ಕಡೆ ಕಾವೇರಿ ಹೇಗೋ ಹಾಗೆ ಇದು. ನದಿ ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನಲ್ಲಿ, ಹರಿದು ಹೋಗುವುದು ಗೋವಾಕ್ಕೆ. ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ನಮ್ಮ ಮಲಪ್ರಭಾ ನದಿಗೆ ತಿರುಗಿಸಿ ಎನ್ನುವುದು ನಮ್ಮವರ ಬೇಡಿಕೆ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. 2016ರಲ್ಲಿ ಯಮನೂರಿನಲ್ಲಿ ಪೊಲೀಸರು ಲಾಠಿ ಬೀಸಿದ್ದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಈಗ ಹೈಸ್ಕೂಲಿನಲ್ಲಿರುವ ಮಕ್ಕಳು ಆಗ ಇನ್ನೂ ಚಿಕ್ಕವರು. ಆದರೂ "ನಮ್ಮ ಕಾಕಾ ಜೈಲಿಗೆ ಹೋಗಿ ಬಂದಾನ್ರಿ ಸರ" ಅಂತ ಎದೆ ಉಬ್ಬಿಸಿ ಹೇಳುವವರು ಸಿಗುತ್ತಾರೆ.

ನಾನು ಆ ಹೆಮ್ಮೆಗೆ ಕೈ ಹಾಕುವುದಿಲ್ಲ. ಒಂದು ಲೆಕ್ಕ ಕೊಡುತ್ತೇನೆ, ಅಷ್ಟೇ. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಗಳ ಬಗೆಹರಿಸಲು ಕೇಂದ್ರ ನೇಮಿಸಿದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಕೊಟ್ಟಿತು. ಈ ಸಂಖ್ಯೆ ಎಲ್ಲ ಮಕ್ಕಳಿಗೂ ಗೊತ್ತು. "ಇದರಲ್ಲಿ ನಿಮ್ಮ ಮಲಪ್ರಭೆಗೆ ಬರುವುದು ಎಷ್ಟು?" ಅಂತ ಕೇಳಿ ನೋಡಿ. "ಎಲ್ಲಾನೂ ರೀ" ಅಂತಾರೆ. ಬೋರ್ಡಿನ ಮೇಲೆ ಬರೆಯಿರಿ: ಕರೆಂಟು ತಯಾರಿಸಲು 8.02, ಅದೇ ಕಣಿವೆಯ ಊರುಗಳ ಬಳಕೆಗೆ 1.5, ಮಲಪ್ರಭೆಗೆ ತಿರುಗಿಸಲು 3.9. ಕೂಡಿಸಿದರೆ ಸರಿಯಾಗಿ 13.42. ಆಗ ಕ್ಲಾಸು ತಣ್ಣಗಾಗುತ್ತದೆ. ಆಮೇಲೆ ಏಳುವ ಪ್ರಶ್ನೆಗಳು ಚೆನ್ನಾಗಿರುತ್ತವೆ. ಈ ತೀರ್ಪು ಕೊಡುವವರು ಯಾರು? ನ್ಯಾಯಮಂಡಳಿ ಅಂದರೆ ಕೋರ್ಟಾ? 2020ರ ಫೆಬ್ರವರಿಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿದ ಮೇಲೂ ಕೆಲಸ ಯಾಕೆ ಮುಗಿಯಲಿಲ್ಲ? ಅಲ್ಲಿಂದ ರಾಜ್ಯಗಳ ನಡುವಿನ ನದಿ ನೀರಿನ ಜಗಳದ ಬಗ್ಗೆ ಹೇಳುವ ಸಂವಿಧಾನದ 262ನೇ ವಿಧಿ, ಅರಣ್ಯ ಮತ್ತು ವನ್ಯಜೀವಿ ಅನುಮತಿ, ಕೇಂದ್ರ-ರಾಜ್ಯ ಸಂಬಂಧ ಎಲ್ಲಾ ತಾವಾಗಿಯೇ ಬರುತ್ತವೆ. ಅದೇ ಪಾಠವನ್ನು ಪುಸ್ತಕ ತೆಗೆಸಿ ಓದಿಸಿದರೆ ಹಿಂದಿನ ಬೆಂಚು ನಿದ್ದೆ ಹೋಗುತ್ತದೆ.

ಕ್ಲಾಸಿನಲ್ಲಿ ವಾದ ಮಾಡಿಸುವಾಗ ಒಂದು ಬೆಂಚನ್ನು ಗೋವಾ ಮಾಡಿ ಕೂರಿಸುವುದನ್ನು ಮರೆಯಬೇಡಿ. ಮೊದಲು ಯಾರೂ ಒಪ್ಪುವುದಿಲ್ಲ. ಆದರೆ ಈ ಕಡೆಯ ಎಷ್ಟೋ ಮನೆಯವರು ವಾಸ್ಕೋ, ಮಡಗಾಂವ್ ಕಡೆ ಗೌಂಡಿ ಕೆಲಸಕ್ಕೆ, ಕೂಲಿಗೆ ಹೋದವರೇ. ನೀರು ಕೊಡುವುದಿಲ್ಲ ಎನ್ನುವ ಗೋವಾ, ಪಗಾರ ಕೊಡುವ ಗೋವಾ ಎರಡೂ ಒಂದೇ. ಅಪ್ಪ ಅಲ್ಲಿರುವ ಹುಡುಗಿಯನ್ನು ಆ ಬೆಂಚಿಗೆ ಕೂರಿಸಿದರೆ ವಾದ ಬೇರೆಯೇ ಆಗುತ್ತದೆ. ಗಡಿ ಅಂದರೆ ನೀವು ಬೆಳಗಾವಿ-ಮಹಾರಾಷ್ಟ್ರದ ಜಗಳ ಅಂದುಕೊಂಡಿದ್ದೀರಿ. ಅದು ಇಲ್ಲಿ ಟಿವಿಯಲ್ಲಿ ಬಂದು ಹೋಗುತ್ತದೆ. ನಮ್ಮ ತಾಲೂಕಿಗೆ ಗಡಿ ಅಂದರೆ ಜಾಸ್ತಿ ಗೋವಾನೇ.

ಇನ್ನು ಅರ್ಜಿಯ ವಿಷಯ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ, ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ ಅಂತ ಒಂಬತ್ತನೇ ಕ್ಲಾಸಿಗೆ ಹೇಳಿದ್ದೆ. ಒಂದು ತಂಡದ ಅರ್ಜಿ ಹೀಗೆ ಮುಗಿದಿತ್ತು: "ಏಳು ದಿನದೊಳಗೆ ಬೇಡಿಕೆ ಈಡೇರದಿದ್ದರೆ ಉಗ್ರ ಹೋರಾಟ ಮಾಡಲಾಗುವುದು." ಯಾರಿಗೆ ಬರೆದದ್ದು ಅಂತ ಹೆಸರಿಲ್ಲ, ತಾರೀಖಿಲ್ಲ, ಎಷ್ಟು ಮಕ್ಕಳಿಗೆ ತೊಂದರೆ ಅಂತಿಲ್ಲ. ಎಚ್ಚರಿಕೆ ಮಾತ್ರ ಖಡಕ್ಕಾಗಿತ್ತು! ನಗು ಬಂತು, ನಿಜ. ತಪ್ಪು ಅವರದಲ್ಲ. ತಹಸೀಲ್ದಾರ್ ಕಚೇರಿ ಮುಂದೆ ಓದುವ ಮನವಿಗಳನ್ನೇ ಕೇಳಿ ಬೆಳೆದವರು.

ಮತ್ತೆ ಕೂತು ಬರೆದೆವು. ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಯಾರು, ಅಧ್ಯಕ್ಷರು ಯಾರು, ಯಾವುದು ಯಾರ ಕೈಯಲ್ಲಿದೆ. ಟ್ಯಾಂಕಿನಿಂದ ಶೌಚಾಲಯದವರೆಗೆ ಪೈಪು ಎಷ್ಟು ಬೇಕು ಅಂತ ಹುಡುಗರೇ ಹೆಜ್ಜೆ ಹಾಕಿ ಅಳೆದರು. ಎರಡು ಪ್ರತಿ, ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ವಾಪಸ್. ಸೀಲು ಬಿದ್ದ ಆ ಹಾಳೆಯನ್ನು ಮಕ್ಕಳು ನೋಡಿದ ರೀತಿ ನೋಡಬೇಕಿತ್ತು, ಹಾಲ್ ಟಿಕೆಟ್ ಸಿಕ್ಕ ಹಾಗೆ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಇರುತ್ತದೆ. ಎಷ್ಟೋ ಕಡೆ ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಅದು ಮುಗಿಯುತ್ತದೆ. ಸೀಲು ಬಿದ್ದ ಹಾಳೆ ಕೈಯಲ್ಲಿದ್ದರೆ ಅಲ್ಲಿ ಎದ್ದು ನಿಂತು ಕೇಳಲು ಧೈರ್ಯ ಬರುತ್ತದೆ. ಪೈಪು ಬಂತು. ತಡವಾಗಿ, ಆದರೂ ಬಂತು. ಮಾಹಿತಿ ಹಕ್ಕಿನ ಅರ್ಜಿಯನ್ನೂ ಕ್ಲಾಸಿನಲ್ಲೇ ಬರೆಸಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ.

ಹಾಜರಿ ಪುಸ್ತಕವನ್ನೂ ಪಾಠಪುಸ್ತಕದ ಹಾಗೆ ಓದಿ. ಹೆಸರುಕಾಳಿನ ಕೊಯ್ಲಿಗೆ, ಹತ್ತಿ ಬಿಡಿಸುವ ಹೊತ್ತಿಗೆ, ಮೆಣಸಿನಕಾಯಿ ಹರಿಯುವಾಗ ಅರ್ಧ ಬೆಂಚು ಖಾಲಿ. ಬಾಲಕಾರ್ಮಿಕ ಪಾಠವನ್ನು ನಾನು ಆಗಲೇ ತೆಗೆಯುವುದು. 14 ತುಂಬದವರು ದಿನದ ಶಾಲೆ ಮುಗಿದ ಮೇಲೆ ಸ್ವಂತ ಹೊಲದಲ್ಲಿ ಕೈಜೋಡಿಸಬಹುದು, ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವ ಹಾಗಿಲ್ಲ ಅಂತ 2016ರ ತಿದ್ದುಪಡಿ ಹೇಳುತ್ತದೆ. "ಹಂಗಾದ್ರ ಹೊಲಾ ಇಲ್ಲದವರು ಏನ್ ಮಾಡಬೇಕ್ರಿ?" ಅಂತ ಒಬ್ಬಳು ಕೇಳಿದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ನಿಮ್ಮನ್ನೂ ಕೇಳುತ್ತಾರೆ.

ಬಾಲ್ಯವಿವಾಹದ ಬಗ್ಗೆ ಮಾತ್ರ ಯಾವ ಹುಡುಗಿಯ ಉದಾಹರಣೆಯನ್ನೂ ಕ್ಲಾಸಿನಲ್ಲಿ ಎತ್ತಬೇಡಿ. ಸಣ್ಣ ಊರು, ಸಂಜೆಯೊಳಗೆ ಮಾತು ಮನೆ ಮುಟ್ಟುತ್ತದೆ. ಕಾನೂನು ಹೇಳಿ: ಹುಡುಗಿಗೆ 18, ಹುಡುಗನಿಗೆ 21. ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ಬರೆದಿರಲಿ. ಫೋನ್ ಮಾಡಿದವರ ಹೆಸರು ಹೊರಗೆ ಹೇಳುವುದಿಲ್ಲ ಅನ್ನುವುದನ್ನು ಎರಡು ಸಲ ಹೇಳಿ. ಮಕ್ಕಳು ಹೆದರುವುದು ಅದಕ್ಕೇ.

ಜಾತಿ, ಧರ್ಮದ ವಿಷಯಕ್ಕೆ ನೀವು ಹೆದರುತ್ತಿರುವುದು ಕಾಣುತ್ತದೆ. ವಾಟ್ಸಾಪ್ ವಿಡಿಯೋ ಹಿಡಿದು ಬರುವ ಹುಡುಗರು ಇಲ್ಲೂ ಇದ್ದಾರೆ. ಆದರೆ ಯಮನೂರಿನ ಜಾತ್ರೆಗೆ ಹೋಗದ ಮಗು ನಮ್ಮ ಕ್ಲಾಸಿನಲ್ಲಿ ಸಿಗುವುದು ಕಡಿಮೆ. ಹಿಂದೂಗಳಿಗೆ ಅಲ್ಲಿರುವುದು ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ. ಸ್ನಾನ ಮಾಡುವುದು ಎಲ್ಲರೂ ಬೆಣ್ಣಿಹಳ್ಳದಲ್ಲೇ. ವಿಡಿಯೋದ ಮಾತು ಬಂದರೆ ಇಲ್ಲಿಂದ ಶುರು ಮಾಡಿ, ಭಾಷಣ ಬೇಡ.

ಇನ್ನು ಎರಡು ಜಾಗ ತೋರಿಸಿ. ಒಂದು ಹುಬ್ಬಳ್ಳಿಯ ಬೆಂಗೇರಿ, ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ. ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೆ ಒಪ್ಪಿಗೆ ಕೊಟ್ಟಿದ್ದು 2021ರ ಡಿಸೆಂಬರ್‌ನಲ್ಲಿ. ಕಡಿಮೆ ರೇಟಿಗೆ ಮನೆಮನೆಗೂ ಬಾವುಟ ಬೇಕಾ, ನೂಲುವ ಹೆಂಗಸರ ಕೂಲಿ ಉಳಿಯಬೇಕಾ? ವಾದಕ್ಕೆ ಇದಕ್ಕಿಂತ ಒಳ್ಳೆ ವಿಷಯ ಬೇಕೇ? ಇನ್ನೊಂದು ಗದಗದ ಹತ್ತಿರದ ಕಣಗಿನಹಾಳ, 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಊರು.

ಬ್ಯಾಡಗಿಯದೂ ಇದೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ರೇಟು ಬಿದ್ದು ಸಿಟ್ಟಿಗೆದ್ದ ರೈತರು ಎಪಿಎಂಸಿಯಲ್ಲಿ ಬೆಂಕಿ ಹಚ್ಚಿದರಲ್ಲ, ಅದು. ನರಗುಂದದ 1980ರ ಬಂಡಾಯದ ಪಕ್ಕದಲ್ಲಿಟ್ಟು ನಾನು ಇದನ್ನು ಹೇಳುತ್ತೇನೆ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ, ನೀರಾವರಿಯಿಂದ ಬೆಲೆ ಏರಿತು ಅಂತ, ಬೆಟರ್‌ಮೆಂಟ್ ಲೆವಿ ಎಂಬ ತೆರಿಗೆ ಹಾಕಿದ್ದಕ್ಕೆ ಎದ್ದ ಸಿಟ್ಟು ನರಗುಂದದ್ದು. ಗೋಲಿಬಾರಿನಲ್ಲಿ ರೈತರು ಸತ್ತರು, ಜನರ ಕೈಯಲ್ಲಿ ಪೊಲೀಸರೂ ಸತ್ತರು. ಎರಡನೆಯದನ್ನು ಊರಿನಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ನೀವು ಹೇಳಿ. ಆದರೆ ಬಂದ ಮೊದಲ ವರ್ಷ ಬೇಡ, ಊರವರು ನಿಮ್ಮನ್ನು "ನಮ್ಮ ಮಾಸ್ತರು" ಅನ್ನಲು ಶುರು ಮಾಡಲಿ.

ಜುಲೈ 21ಕ್ಕೆ ಯೂನಿಟ್ ಟೆಸ್ಟ್ ಇಟ್ಟುಕೊಳ್ಳಬೇಡಿ. ಅವತ್ತು 1980ರಲ್ಲಿ ಸತ್ತ ಆ ರೈತರ ನೆನಪಿನ ರೈತ ಹುತಾತ್ಮರ ದಿನ, ಮಕ್ಕಳು ಅಪ್ಪನ ಬೈಕ್ ಹತ್ತಿ ನರಗುಂದಕ್ಕೋ ನವಲಗುಂದಕ್ಕೋ ಹೋಗಿರುತ್ತಾರೆ.